ನೆಲಮಹಡಿಗೆ ಅಪ್ಪನ ದನಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗಿಳಿರಾಯ ಎನ್ನುತ್ತಿದ್ದರು. ಆಡಿದ ಮಾತು ಮುತ್ತಾಗದಿದ್ದರೂ ಅವನಿಗೆ ತುತ್ತಂತೂ ಆಗಿತ್ತು. ಆ ವಾರ ಬಂದದ್ದು ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಒಂದು ಟೀವಿ ಕಾರ್ಯಕ್ರಮ. ಅದರಲ್ಲಿ ಇಬ್ಬರು ತಜ್ಞರ ಜಟಾಪಟಿ. ಬಿಸಿಗೆ ಮನುಷ್ಯನೇ ಕಾರಣ ಎಂಬಲ್ಲಿ ಇಬ್ಬರದೂ ತಕರಾರಿಲ್ಲ. ಕಡಲು ಬಾಗಿಲಿಗೆ ಬರುತ್ತಿದೆ, ಈಗಲೇ ಏಳಿ ಎನ್ನುತ್ತಾನೆ ಸಣಕಲು ತಜ್ಞ. ಬರುತ್ತದೆ, ಆದರೆ ತೆವಳಿಕೊಂಡು ಬರುತ್ತದೆ, ಇಷ್ಟೊಂದು ಗಾಬರಿ ಯಾಕೆ ಎನ್ನುತ್ತಾನೆ ದಪ್ಪ ತಜ್ಞ.

ನಿರ್ಮಾಪಕ ಜಿಪುಣ, ಎರಡು ಬಾಯಿಗೂ ಒಂದೇ ಗಂಟಲು. ಸಣಕಲನಿಗೆ ಗಿಳಿರಾಯ ತನ್ನ ಕಾಲೇಜಿನ ಪ್ರಿನ್ಸಿಪಾಲರ ಕೀರಲು ದನಿ ಕೊಟ್ಟ, ಕೆಮ್ಮಿನ ಸಮೇತ. ದಪ್ಪನವನ ತುಟಿ ನಿಧಾನವಾಗಿ ಆಡುತ್ತಿತ್ತು. ಅದಕ್ಕೆ ಹೊಂದುವ ದನಿ ಹುಡುಕುವಾಗ ತಾನಾಗಿ ಬಂದದ್ದು ತೀರಿಹೋದ ಅಪ್ಪನದು: ವಾಕ್ಯಕ್ಕೆ ಮೊದಲು ಒಂದು 'ಹ್ಞೂಂ', ಕೊನೆಗೊಂದು 'ಆಯ್ತಲ್ಲ'. ಲಕೋಟೆಗೆ ಅಂಚೆಚೀಟಿಯಂತೆ ಅಂಟಿಕೊಂಡಿತು.

ಯಾವುದಕ್ಕೆ ದನಿ ಕೊಟ್ಟೆ ಎಂದು ಅವನು ಮನೆಯವರಿಗೆ ಹೇಳುವ ಪೈಕಿಯವನಲ್ಲ. ಪ್ರಸಾರದ ಮರುದಿನ ಅಕ್ಕನ ಫೋನು.

"ಕಡಲ ದಂಡೇಲಿದ್ಯಲ್ಲ, ಆ ನೆಲಮಹಡಿ ಮನೆ ತಗೊಳ್ತಿದೀವಿ ಕಣೋ. ನಾಳೆ ಸಹಿ."

"ನೀರು ನುಗ್ಗುತ್ತೆ, ಬೇಡ ಅಂತಿದ್ರಲ್ಲ ಭಾವ?"

"ನಿಮ್ಮ ಭಾವ ನಲ್ಲಿ ಸೋರಿದ್ರೂ ಪ್ರಳಯ ಅನ್ನೋರು. ನಿನ್ನೆ ಟೀವೀಲಿ ಒಬ್ಬ ದಪ್ಪ ಮನುಷ್ಯ ಎಷ್ಟು ಚೆನ್ನಾಗಿ ಹೇಳಿದ್ರು! ಯಾಕೋ ಕೇಳ್ತಾ ಕೇಳ್ತಾ ಮನಸ್ಸು ಹಗುರಾಯ್ತು. ಇನ್ನೊಬ್ಬಂದು ಬರೀ ಕೆಮ್ಮು."

ಗಿಳಿರಾಯ ಫೋನಿಟ್ಟ. ಅಕ್ಕ-ಭಾವ ಕೂಡಿಟ್ಟದ್ದೆಲ್ಲ ಆ ಮನೆಗೆ ಹೋಗುವುದಿತ್ತು.

ಸಂಜೆ ಅವಳ ಅಡುಗೆಮನೆಗೆ ಹೋದವನೇ, ಪೀಠಿಕೆಯಿಲ್ಲದೆ, ಸಣಕಲನ ಮಾತನ್ನು ಅಪ್ಪನ ದನಿಯಲ್ಲಿ ಒಪ್ಪಿಸಿದ: "ಹ್ಞೂಂ. ತಗ್ಗಲ್ಲಿರೋ ಮನೆಗೇ ಮೊದಲು ನೀರು. ಕಾಯ್ತಾ ಕೂತ್ರೆ ಕೆಟ್ವಿ, ಆಯ್ತಲ್ಲ."

ಅಕ್ಕನ ಕೈಯಲ್ಲಿ ಸೌಟು ನಿಂತಿತು. "ಅಯ್ಯೋ ಮಂಗ! ನಿನ್ನೆ ದಪ್ಪ ಮನುಷ್ಯ ನೀನೇನೋ?"

"ಇಬ್ಬರೂ ನಾನೇ. ಕೆಮ್ಮಿದ್ದು ನಮ್ಮ ಕಾಲೇಜಿನ ಪ್ರಿನ್ಸಿಪಾಲು."

"ಅಪ್ಪನ್ನ ಯಾಕೋ ಎಳ್ಕೊಂಡ್ ಬಂದೆ?"

"ತುಟಿಗೆ ಹೊಂದ್ತು, ಅಷ್ಟೇ. ಕೆಮ್ಮು ದಪ್ಪನವನಿಗೆ ಕೊಟ್ಟು ಅಪ್ಪನ್ನ ಸಣಕಲನಿಗೆ ಕೊಟ್ಟಿದ್ರೆ, ನೀನೀಗ ಬೆಟ್ಟದ ಮೇಲೆ ಮನೆ ಹುಡುಕ್ತಿದ್ದೆ."

ಅವಳು ನಗಲಿಲ್ಲ. ಮೊಣಕೈಯಿಂದ ಕಣ್ಣೊರೆಸಿಕೊಂಡಳು. "ಅಪ್ಪನೂ ಬೇಡ, ಪ್ರಿನ್ಸಿಪಾಲೂ ಬೇಡ. ನಿನ್ನ ದನೀಲಿ ಹೇಳು. ತಗೊಳ್ಳೋದೋ, ಬಿಡೋದೋ?"

ಅವನು ಗಂಟಲು ಸರಿಮಾಡಿಕೊಂಡ. ವರ್ಷಗಟ್ಟಲೆ ಬಾಡಿಗೆಗೆ ಕೊಟ್ಟ ಮನೆಯೊಳಗೆ ತಾನೇ ಕಾಲಿಟ್ಟಂತಾಯಿತು. ಹೊರಟದ್ದು ಸಣ್ಣ, ತುಸು ಮೂಗಿನ ದನಿ.

"ಎಷ್ಟು ಬೇಗ ಅಂತ ನನಗೊತ್ತಿಲ್ಲ ಅಕ್ಕ. ಆದ್ರೆ ಇಬ್ಬರ ಮಾತೂ ಬಾಯಿಪಾಠ ಆಗೋವಷ್ಟು ಓದಿದೀನಿ. ನೀರು ಬರಲ್ಲ ಅಂತ ದಪ್ಪನವನೂ ಹೇಳಿಲ್ಲ. ನನಗೆ ಭಯ ಆಗುತ್ತೆ. ಬೇಡ."

"ಥೂ, ಈ ದನಿಗೆ ಯಾರೂ ಕಾಸು ಕೊಡಲ್ಲ ಬಿಡು," ಎಂದ ಅಕ್ಕ, ದಲ್ಲಾಳಿಗೆ ಫೋನ್ ಹಚ್ಚಿದಳು. "ನಾಳೆ ಸಹಿ ಬೇಡ. ದಂಡೆಯಿಂದ ದೂರ, ಎತ್ತರದಲ್ಲಿ ಯಾವುದಾದ್ರೂ ಮನೆ ಇದ್ಯಾ?"

ಒಳಕೋಣೆಯಿಂದ ಭಾವ ಕೂಗಿದರು: "ಲಿಫ್ಟ್ ಇದ್ಯಾ ಕೇಳೇ! ಕಡಲು ಬರೋಕ್ ಮುಂಚೆ ನನ್ನ ಮಂಡಿ ಹೋಗುತ್ತೆ!"