ಮೊಬೈಲಿನ ತುತ್ತು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ‘ಚೆಂಡಾಟ ನಿಷೇಧ’ ಎಂದು ಬೋರ್ಡು ಹಾಕಿಸಿದ್ದು ಸೆಕ್ರೆಟರಿಯಾದ ನಾನೇ. ಒಂದು ಕಾರಿನ ಗಾಜು ಒಡೆದದ್ದಕ್ಕೆ ಇಪ್ಪತ್ತು ಮಕ್ಕಳನ್ನು ಮನೆಯೊಳಗೆ ಅಟ್ಟಿದ ಪುಣ್ಯಾತ್ಮ! ಆದ್ದರಿಂದ ಎದುರುಮನೆಯ ವಾರಿಜಾಳ ಕಥೆಯನ್ನು ನಾನೇ ಹೇಳಬೇಕು.

ಆಕೆ ಹೋಟೆಲಿನ ಹೃಷೀಕೇಶನ ಹೆಂಡತಿ. ಮಗ ಅನೀಶನಿಗೆ ಎಂಟು ವರ್ಷ. ಈಗ ಮನೆಮನೆಗೂ ಬಂದಿರುವ ಹೊಸ ಸಂಪ್ರದಾಯ ಅಲ್ಲಿಯೂ ಇತ್ತು: ಹುಡುಗನ ಕೈಗೆ ಮೊಬೈಲು, ಬಾಯಿಗೆ ಅಜ್ಜಿ ಮಾನಮ್ಮನ ತುತ್ತು. ಅವರು ಉಣಿಸುತ್ತಿದ್ದರು, ಇವನು ಗೇಮಿನಲ್ಲಿ ಸಿಕ್ಸರ್ ಹೊಡೆಯುತ್ತಿದ್ದ. ಆ ಕ್ರಿಕೆಟ್ ಗೇಮೋ, ಹುಲ್ಲಿನ ಮೇಲಿನ ನೆರಳು ಕೂಡ ನಿಜವೆನ್ನಿಸುವಂಥದ್ದು. ಬಾಯಿಗೆ ಬಿದ್ದದ್ದು ಏನೆಂದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

“ಅತ್ತೆ, ಇವನಿಗೆ ಹಸಿವೆ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ,” ಎಂದಳು ವಾರಿಜಾ ಒಮ್ಮೆ.

“ಹೊಟ್ಟೆ ತುಂಬಿದ್ರೆ ಸಾಕಲ್ಲ ಮಾರಾಯ್ತಿ! ಕೆಳಗೆ ಬಿಟ್ರೆ ಕೈಕಾಲು ಮುರ್ಕೊಂಡು ಬರ್ತಾನೆ,” ಎಂದರು ಮಾನಮ್ಮ. ಅಲ್ಲೇ ಚಹಾ ಕುಡಿಯುತ್ತಿದ್ದ ನಾನೂ ಹೌದೆಂದು ತಲೆಯಾಡಿಸಿದೆ.

ದೀಪಾವಳಿ ರಜೆಗೆ ಅಂಬರನಾಥದಿಂದ ಬಂದಿದ್ದ ಅನೀಶನ ದೊಡ್ಡಪ್ಪನ ಮಗಳು ಶ್ರೀವಾಣಿ “ಹಿಡಿಯೋ!” ಎಂದು ಅವನತ್ತ ರಬ್ಬರ್ ಚೆಂಡು ಎಸೆದಳು. ಅವನ ಕೈ ಮೇಲೇಳಲಿಲ್ಲ. ಹೆಬ್ಬೆರಳುಗಳೆರಡು ಮೊಬೈಲು ಒತ್ತುವಂತೆ ಗಾಳಿಯಲ್ಲಿ ಆಡಿದವು, ಅಷ್ಟೇ. ಚೆಂಡು ಹುಬ್ಬಿಗೆ ಬಡಿಯಿತು.

“ನೋಡಿದ್ಯಾ? ಇದಕ್ಕೇ ನಾನು ಬೇಡ ಅಂದದ್ದು!” ಎಂದರು ಮಾನಮ್ಮ. ವಾರಿಜಾ ಮಗನ ಹೆಬ್ಬೆರಳುಗಳನ್ನೇ ನೋಡುತ್ತಿದ್ದಳು.

ಮರುದಿನ ಸಂಜೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನನ್ನ ಬೋರ್ಡಿನ ಕೆಳಗೇ ನಿಂತು ಮಗನಿಗೆ ಚೆಂಡು ಎಸೆಯತೊಡಗಿದಳು. ನಾನು ತಡೆಯಲು ಓಡಿದೆ.

“ರೂಲ್ ಇದೆಯಮ್ಮ!”

“ಗೊತ್ತುಂಟು ಅಂಕಲ್. ಗೇಮನ್ನು ಪೂರಾ ಬಿಡಿಸುದಿಲ್ಲ ನಾನು, ರಜೆಯಲ್ಲಿ ಅರ್ಧ ಗಂಟೆ ಆಡ್ಲಿ. ಊಟಕ್ಕೆ ಮಾತ್ರ ಮೊಬೈಲ್ ಇಲ್ಲ, ಸಂಜೆಗೆ ಇದೇ ಅಂಗಳ. ಗಾಜು ಒಡೆದ್ರೆ ಹೊಸತು ಹಾಕ್ಬಹುದು. ಇವನ ಎಂಟನೇ ವರ್ಷ ವಾಪಸ್ ಬರ್ತದಾ? ನೋಟಿಸ್ ಕೊಡಿ, ನಾಳೆಯೂ ಬರ್ತೇನೆ.”

ಭಲೇ ಹೆಣ್ಣೇ! ನೋಟಿಸಿನ ಮಾತು ಬಿಟ್ಟು ನಾನು ಅಲ್ಲೇ ನಿಂತು ಆಟ ನೋಡಿದೆ. ಅನೀಶ ಹದಿನೇಳು ಸಲ ಚೆಂಡು ಬಿಟ್ಟ. ಹದಿನೆಂಟನೆಯದನ್ನು ಎದೆಗೆ ಅವಚಿಕೊಂಡ. ರೂಲು ಮರೆತು ನಾನೇ ಚಪ್ಪಾಳೆ ತಟ್ಟಿಬಿಟ್ಟೆ.

ಹುಡುಗ ಬೆವರು ಸುರಿಸುತ್ತ ಮನೆಗೆ ಓಡಿದ. ಹಿಂದೆಯೇ ನಾವೂ ಹೋದೆವು.

“ಅಜ್ಜಿ, ಭೂಕ್ ಲಗೀ ಹೈ!”

ಮಾನಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಇಷ್ಟು ವರ್ಷ ಉಣಿಸಿದರೂ ಹಸಿವೆಯೆಂಬ ಮಾತನ್ನು ಅವರು ಅವನ ಬಾಯಲ್ಲಿ ಕೇಳಿರಲಿಲ್ಲ. ತಟ್ಟೆ ಇಟ್ಟರು. ಅವನು ತಾನೇ ಕಲಸಿ ಬಾಯಿಗಿಟ್ಟು ಕಣ್ಣರಳಿಸಿದ.

“ಯೇ ಕ್ಯಾ ಹೈ ಅಜ್ಜಿ? ಮಸ್ತ್ ಹೈ!”

“ತೊಂಡೆಕಾಯಿ ಪಲ್ಯ ಮಗಾ,” ಎಂದರು ಮಾನಮ್ಮ, ಸೆರಗಿನಿಂದ ಕಣ್ಣೊರೆಸುತ್ತ. “ಯಾವಾಗ್ಲೂ ತಿನ್ನಿಸ್ತಿದ್ದೆನಲ್ಲ...”

ನಾನು ಬೋರ್ಡು ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತ ಮನೆಗೆ ನಡೆದೆ.