ಕನಾವಿಯಲ್ ಕ್ಲಬ್ಬಿನ ಅರ್ಧ ಚರಿತ್ರೆ

ಅಲಖನೂರಿನ ಕಬ್ಬು ಕಡಿಯುವ ಗ್ಯಾಂಗಿನವರನ್ನು ಬ್ರೆಜಿಲ್ ಎಲ್ಲಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಆ ದೇಶದ ಕನಾವಿಯಲ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಕೇಳಿ ನೋಡಿ, ನಿಮ್ಮನ್ನು ಊಟಕ್ಕೂ ಬಿಡುವುದಿಲ್ಲ. ಇದೆಲ್ಲ ಸಮಾಧಾನ ಎಂಬ ಹುಡುಗ ಹಚ್ಚಿದ ಹುಚ್ಚು.

ಸಮಾಧಾನ ಇದೇ ಗ್ಯಾಂಗಿನ ಭರಮುವಿನ ಮಗ. ಅಪ್ಪ ಕಬ್ಬು ಕಡಿಯುವ ಕೊಯ್ತಾ ಹಿಡಿದು ಸವೆದ. ಮಗ ಐಟಿಐ ಓದಿ ಸಕ್ಕರೆ ಕಾರ್ಖಾನೆ ಸೇರಿದ. ಕಬ್ಬು ಕಟಾವಿನ ಮಶೀನ್ ನಡೆಸುವುದನ್ನು ಕಲಿಯಲೆಂದು ಕಾರ್ಖಾನೆಯವರು ಅವನನ್ನು ಎಂಟು ತಿಂಗಳು ಬ್ರೆಜಿಲ್‌ಗೆ ಕಳಿಸಿದ್ದರು. ಅಲ್ಲಿ ಕೋಣೆ ಕೊಟ್ಟಿದ್ದ ಮುದುಕಿಯ ಗಂಡ ಕನಾವಿಯಲ್‌ನಲ್ಲಿ ಆಡಿದವನು. ಆಕೆ ದಿನಾ ಸಂಜೆ ಹಳೆಯ ಫೋಟೋಗಳನ್ನು ಹರವಿಕೊಂಡು ಕೂರುತ್ತಿದ್ದಳು. ಇವನ ಅರೆಬರೆ ಪೋರ್ಚುಗೀಸಿಗೆ ಅದೇ ಶಾಲೆಯಾಯಿತು.

ಊರಿಗೆ ಮರಳಿದ ಮೇಲೆ ಅವನಿಗೆ ಅಥಣಿ ಕಡೆಯ ಅನಂತಪುರದಲ್ಲಿ ಮಶೀನ್ ಕೊಟ್ಟರು. ರಜೆ ಸಿಕ್ಕಾಗಲೆಲ್ಲ ಗ್ಯಾಂಗಿನ ಜೊತೆ ಬಂದು ಕೂರುತ್ತಿದ್ದ. ಕಡಿದ ಕಬ್ಬು ಹೇರಲು ಟ್ರ್ಯಾಕ್ಟರ್ ಯಾವತ್ತು ಹೊತ್ತಿಗೆ ಸರಿಯಾಗಿ ಬಂದೀತು? ಕಾಯುವಾಗ ಕಥೆ ನಡೆಯುತ್ತಿತ್ತು. ಕನಾವಿಯಲ್ ಅಂದರೆ ಅವರ ಭಾಷೆಯಲ್ಲಿ ಕಬ್ಬಿನ ಹೊಲ. ಕಾರ್ಖಾನೆ ಮಾಲೀಕ ತನ್ನ ಮೈದಾನದೊಳಗೆ ಕೂಲಿಯವರನ್ನು ಬಿಡಲಿಲ್ಲವೆಂದು ಅವರೇ ಕಡಿದ ಹೊಲವೊಂದನ್ನು ತುಳಿದು ಗಟ್ಟಿಮಾಡಿ ಕ್ಲಬ್ ಕಟ್ಟಿದರು. ಗೋಲ್‌ಕೀಪರ್ ಬೆಂತೊ ಮ್ಯಾಚಿನ ದಿನವೂ ಮಧ್ಯಾಹ್ನದವರೆಗೆ ಕಬ್ಬು ಕಡಿದು, ಬರಿಗಾಲಲ್ಲಿ ಬಂದು ನಿಲ್ಲುತ್ತಿದ್ದ. ಪಟ್ಟಣದ ದೊಡ್ಡ ಕ್ಲಬ್ಬನ್ನು ಎರಡು-ಒಂದರಿಂದ ಸೋಲಿಸಿದ ಮಾರನೆಯ ದಿನ ಯಾರೂ ಕೊಯ್ತಾ ಮುಟ್ಟಲಿಲ್ಲ. ಅಲ್ಲಿಗೆ ಬಂದು ಸಮಾಧಾನ ಕಥೆ ನಿಲ್ಲಿಸುತ್ತಿದ್ದ. ಮುಂದಿನದು ಅವನ ಬಾಯಿಗೆ ಬರುತ್ತಿರಲಿಲ್ಲ.

ಕೇಳಿ ಕೇಳಿ ಗ್ಯಾಂಗೂ ಒಂದು ಟೀಮು ಕಟ್ಟಿತು. ಕನಾವಿಯಲ್ ಅಲಖನೂರ ಎಂದು ಬೆನ್ನ ಮೇಲೆ ಬರೆಸಿದ ಹಸಿರು ಜರ್ಸಿ, ಊರಿನ ದೊಡ್ಡ ರೈತ ಕಾಕಾಸಾಹೇಬರ ಬಿತ್ತದೆ ಪಡ ಬಿದ್ದ ಹೊಲ, ನಾಲ್ಕು ಬಿದಿರಿನ ಕಂಬ. ಕ್ಯಾಪ್ಟನ್ ನಾಮದೇವ, ಸಮಾಧಾನನ ಅಕ್ಕ ಮಯೂರಿಯ ಗಂಡ. ಈ ಸಲ ನಿಪ್ಪಾಣಿಯ ಟೂರ್ನಿಯಲ್ಲಿ ಎರಡು ಮ್ಯಾಚ್ ಗೆದ್ದು ಸೆಮಿಫೈನಲ್‌ಗೆ ಬಂದುಬಿಟ್ಟರು. ಆಟ ರವಿವಾರ.

ಆ ವಾರವೇ ಕಾರ್ಖಾನೆಯಿಂದ ಆರ್ಡರ್ ಬಂತು. ಅಲಖನೂರಿನ ಕಬ್ಬು ಇನ್ನು ಮೇಲೆ ಮಶೀನಿನಿಂದಲೇ ಕಟಾವು. ನಡೆಸುವವನು ಸಮಾಧಾನ.

ಅವನು ಕೈಲಾದದ್ದೆಲ್ಲ ಮಾಡಿದ. ಕಾರ್ಖಾನೆಗೆ ಹೋಗಿ ಹಳ್ಳದ ಆಚೆಯ ಕಬ್ಬನ್ನಾದರೂ ಗ್ಯಾಂಗಿಗೆ ಬಿಡಿ ಎಂದು ಕೇಳಿದ. ಮಶೀನ್ ಬೇಕೆಂದು ರೈತರೇ ಅರ್ಜಿ ಕೊಟ್ಟಿದ್ದಾರೆ ಎಂದರು. ಕಾಕಾಸಾಹೇಬರ ಹತ್ತಿರ ಹೋದ. ಅವರು ಕೂರಿಸಿ ಚಹಾ ಕೊಟ್ಟು, ಕಬ್ಬು ಒಣಗುವವರೆಗೆ ಆಳಿನ ಹಾದಿ ಕಾಯಲು ತಮ್ಮಿಂದಾಗದು ಎಂದರು. ಅದೂ ಸುಳ್ಳಲ್ಲ. ತಾನು ಒಲ್ಲೆ ಎಂದರೆ ಚಿಂಚಲಿಯ ಡ್ರೈವರ್ ಶೀತಲ ಮಶೀನಿನ ಕೀಲಿ ಇಸಿದುಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಕಡೆಗೆ ಸಮಾಧಾನ ಕಳ್ಳನ ಹಾಗೆ ಮಶೀನಿನ ಎಣ್ಣೆ ಪೈಪೊಂದನ್ನು ಸಡಿಲಿಸಿದ. ಮೆಕ್ಯಾನಿಕ್ ಬಂದು ಒಂದು ಬೀಡಿ ಸೇದುವಷ್ಟರಲ್ಲಿ ಬಿಗಿಮಾಡಿ ಹೋದ. ಪಾಪ, ಇವನ ದಂಗೆ ಅಷ್ಟಕ್ಕೇ ಮುಗಿಯಿತು.

ಕೂಲಿಯವರನ್ನು ಗುತ್ತಿಗೆ ಹಿಡಿಯುವ ಕರಾಡ ಕಡೆಯ ಮುಕಾದಮನೊಬ್ಬ ಗ್ಯಾಂಗಿಗೆ ಕೆಲಸ ಕೊಡಲು ಒಪ್ಪಿದ. ಆದರೆ ಶುಕ್ರವಾರವೇ ಹೊರಡಬೇಕು. ರವಿವಾರದ ಮ್ಯಾಚ್ ಎಂದರೆ ಅವನು ನಕ್ಕ.

ಶುಕ್ರವಾರ ಬೆಳಿಗ್ಗೆ ಸಮಾಧಾನ ಮಶೀನ್ ತಂದಾಗ ಗ್ಯಾಂಗಿನ ಟ್ರಾಲಿ ರಸ್ತೆಯಲ್ಲಿ ನಿಂತಿತ್ತು. ಪಾತ್ರೆ, ಹಾಸಿಗೆ, ಕೋಳಿಬುಟ್ಟಿಗಳ ನಡುವೆ ಮಯೂರಿ ಕೂತಿದ್ದಳು. ತಮ್ಮನನ್ನು ನೋಡಿ ಕೈ ಬೀಸಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಾಮದೇವ ಆಟದ ಹೊಲದೊಳಗಿಂದ ಅಂಗೈಯ ಮಣ್ಣು ಜಾಡಿಸುತ್ತ ಬಂದ.

"ಮಶೀನ್ ಇಲ್ಲೇ ನಿಂದರಸ್ತಿಯಂತ ಕಾಕಾಸಾಹೇಬ್ರು ಹೇಳಿದ್ರು. ಕಂಬ ಕಿತ್ತು ಬದುವಿಗೆ ಇಟ್ಟೇನಿ. ಇಲ್ಲಂದ್ರ ನಿನಗ ತಿರಗಸಾಕ ಅಡ್ಡ ಆಗತಿದ್ದವು."

ಸಮಾಧಾನ ಮಶೀನಿನಿಂದ ಕೆಳಗಿಳಿದ.

"ಒಂದ್ ಕೇಳೂದು ಉಳದೈತಿ ನೋಡು," ಎಂದ ನಾಮದೇವ. "ಆ ಕ್ಲಬ್ ಮುಂದ ಏನಾತು? ನೀ ಪೂರಾ ಹೇಳೇ ಇಲ್ಲ. ಹಾದ್ಯಾಗ ಮಂದಿಗಿ ಹೇಳಾಕ ಬೇಕು."

ಮುಂದೇನಾಯಿತು ಎನ್ನುವುದು ಸಮಾಧಾನನಿಗೆ ಚೆನ್ನಾಗಿ ಗೊತ್ತಿತ್ತು. ಆ ಊರಿಗೆ ಮಶೀನ್ ಬಂತು. ಕಡಿಯುವವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಒಂದು ರವಿವಾರ ಹನ್ನೊಂದು ಜನ ಕೂಡಲಿಲ್ಲ, ಕ್ಲಬ್ ಮುಚ್ಚಿತು. ಆ ಮೈದಾನವನ್ನು ಕಾರ್ಖಾನೆ ಮಶೀನ್ ಕಲಿಸುವ ಜಾಗ ಮಾಡಿಕೊಂಡಿತು. ಇವನು ಕಲಿತದ್ದೂ ಅಲ್ಲಿಯೇ. ತುಕ್ಕು ಹಿಡಿದ ಗೋಲು ಕಂಬಗಳೆರಡರ ನಡುವೆ, ಒಂದಕ್ಕೂ ತಗುಲಿಸದೆ ಮಶೀನನ್ನು ಹಿಂದಕ್ಕೆ ಒಯ್ದು ನಿಲ್ಲಿಸುವುದೇ ಅವನ ಪರೀಕ್ಷೆ. ಅದರಲ್ಲಿ ಇವನೇ ಮೊದಲಿಗನಾಗಿದ್ದ.

"ಇನ್ನೂ ಆಡಾಕತ್ತಾರ, ಭಾವ," ಎಂದ ಸಮಾಧಾನ.

ನಾಮದೇವನ ಮುಖ ಅರಳಿತು. ಅವನ ಹೆಗಲು ತಟ್ಟಿ ಓಡಿಹೋಗಿ ಟ್ರಾಲಿ ಹತ್ತಿದ. ಅದು ತಿರುವಿನವರೆಗೆ ಹೋಗುವುದನ್ನು ನೋಡಿ ಸಮಾಧಾನ ಮಶೀನ್ ಏರಿದ. ಹಿಂದೆ ನೋಡುತ್ತ, ಕಲಿತ ಹಾಗೆಯೇ ನಿಧಾನವಾಗಿ, ಅದನ್ನು ಹೊಲದೊಳಗೆ ತಂದು ನಿಲ್ಲಿಸಿದ. ಇಲ್ಲಿ ತಗುಲಲು ಕಂಬವೂ ಇರಲಿಲ್ಲ.