ಎರಡು ಸಲ ಮುಚ್ಚಿದ ಬಣ್ಣ

'ಬೂದು' ಎಂಬ ಅಡ್ಡಹೆಸರಿನ ಆ ಅಪರಿಚಿತ ಅಷ್ಟು ಒಳ್ಳೆಯವನಾಗಿದ್ದುದೇ ಅವಳಿಗೆ ಹಿಡಿಸಲಿಲ್ಲ. ಎರಡು ತಿಂಗಳಲ್ಲಿ ಅವಳ ಕೋಡಿಗೆ ಹನ್ನೊಂದು ತಿದ್ದುಪಡಿ ಕಳಿಸಿದ್ದ, ಒಂದರಲ್ಲೂ ಕೊಂಕು ಹುಡುಕುವಂತಿಲ್ಲ. ನಿಮ್ಮ ಹೆಸರು ಹಾಕಲೇ ಎಂದರೆ ಬೇಡವಂತೆ. ಈ ಕಾಲದಲ್ಲಿ ಹೆಸರು ಬೇಡ ಎನ್ನುವ ಮಹಾನುಭಾವರು ಯಾರಿದ್ದಾರೆ ಸ್ವಾಮಿ?

ಅವಳದು ಒಂದು ಪುಟ್ಟ ಲೈಬ್ರರಿ, ಮುನ್ನೂರು ಸಾಲಿನ ಕೋಡ್ ಅಷ್ಟೇ. ಪ್ರೋಗ್ರಾಮುಗಳು ಟರ್ಮಿನಲ್ಲಿನ ಕಪ್ಪು ಪರದೆಯ ಮೇಲೆ ಬರೆಯುವ ಅಕ್ಷರಗಳಿಗೆ ಬಣ್ಣ ಹಚ್ಚುವುದು ಅದರ ಕೆಲಸ. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು. ಆಫೀಸಿನ ದುಡಿಮೆಯ ಮೇಲೆ ಇದೊಂದು ಬಿಟ್ಟಿ ಚಾಕರಿ. ಆದರೆ ಆ ಬಿಟ್ಟಿ ಕೋಡನ್ನು ಸಾವಿರಾರು ಕಡೆ ಬಳಸುತ್ತಿದ್ದರು, ಮತ್ತು ಹೊಸ ಆವೃತ್ತಿ ಬಿಡುಗಡೆ ಮಾಡುವ ಕೀಲಿ ಅವಳೊಬ್ಬಳ ಕೈಯಲ್ಲಿತ್ತು. ಆ ಕೀಲಿ ಕೆಟ್ಟವನ ಕೈಗೆ ಸಿಕ್ಕಿ ಅವನು ಒಂದೇ ಒಂದು ಸಾಲು ತೂರಿಸಿದರೂ ಅಷ್ಟೂ ಕಡೆ ಕನ್ನ ಹಾಕಿದಂತೆಯೇ. ಈಗ ಬೂದು ಅದನ್ನೇ ಕೇಳಿದ್ದ: "ನಿಮಗೆ ಪುರುಸೊತ್ತಿಲ್ಲ ಅಂತ ಕಾಣುತ್ತೆ. ಬಿಡುಗಡೆ ಕೆಲಸ ನಾನು ನೋಡಿಕೊಳ್ಳಲೇ?"

ಪುರುಸೊತ್ತಿಲ್ಲದಿದ್ದುದು ನಿಜ. ಬಳಸುವವರ ಅರವತ್ತು ದೂರುಗಳು ರಾಶಿ ಬಿದ್ದಿದ್ದವು. ಯಾರೂ ಕೈಜೋಡಿಸದಿದ್ದರೆ ತಿಂಗಳ ಕೊನೆಗೆ ಲೈಬ್ರರಿಯನ್ನೇ ಮುಚ್ಚಬೇಕು ಎಂದುಕೊಂಡಿದ್ದಳು. ಅದು ಇವನಿಗೆ ಹೇಗೆ ಗೊತ್ತಾಯಿತು?

ಆಫೀಸಿನ ಊಟದ ಕೋಣೆಯಲ್ಲಿ ಭದ್ರತಾ ವಿಭಾಗದ ಗೆಳತಿಗೆ ಹೇಳಿದಳು. ಅವಳು ಡಬ್ಬಿಯ ಮುಚ್ಚಳ ಕೂಡ ತೆಗೆಯದೆ ತೀರ್ಪು ಕೊಟ್ಟಳು. "ಮೊದಲು ಬೆಣ್ಣೆ ಹಚ್ತಾರೆ, ಆಮೇಲೆ ಕೀಲಿ ಕೇಳ್ತಾರೆ. ಕೊಟ್ಟು ಗಿಟ್ಟೀಯ ಮತ್ತೆ."

ಮನೆಯಲ್ಲಿ ಗಂಡ ಲೋಟ ತೊಳೆಯುತ್ತ ನಕ್ಕ. "ಬಿಟ್ಟಿ ಕೆಲಸ ಮಾಡೋರೆಲ್ಲ ಕಳ್ಳರಾದ್ರೆ ನಿನ್ನನ್ನ ಏನಂತ ಕರೀಲಿ?"

"ನೀವು ಸುಮ್ನಿರಿ" ಎಂದಳು. ಅವಳಿಗೆ ನಗು ಬರಲಿಲ್ಲ.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹನ್ನೊಂದೂ ತಿದ್ದುಪಡಿಗಳನ್ನು ಸಾಲು ಸಾಲಾಗಿ ಓದಿದಳು. ಖಾತೆ ತೆರೆದು ಎರಡೇ ತಿಂಗಳು, ಫೋಟೋ ಇಲ್ಲ, ಊರಿಲ್ಲ. ಕೋಡಿನಲ್ಲಿ ಮಾತ್ರ ಒಂದು ಹುಳುಕೂ ಇಲ್ಲ. ಸಿಗದಷ್ಟೂ ಅನುಮಾನ ಬಲಿಯಿತು. ಇಷ್ಟು ಚೆನ್ನಾಗಿ ಬಚ್ಚಿಡುವವನು ಎಂಥ ಖದೀಮನಿರಬೇಡ!

ಏಳನೆಯ ತಿದ್ದುಪಡಿಯಲ್ಲಿ ಅವಳ ಕೈ ನಿಂತಿತು. ಬಣ್ಣ ಶುರು ಮಾಡಿದ ಮೇಲೆ ಅದನ್ನು ಮುಚ್ಚುವ ಸಂಕೇತ ಬರೆಯಬೇಕು. ಇಲ್ಲದಿದ್ದರೆ ಮುಂದಿನ ಅಕ್ಷರಗಳಿಗೂ ಅದೇ ಬಣ್ಣ ಮೆತ್ತಿಕೊಳ್ಳುತ್ತದೆ. ಒಂದು ಸಲ ಮುಚ್ಚಿದರೆ ಸಾಕು. ಬೂದು ಎರಡು ಸಲ ಮುಚ್ಚಿದ್ದ. ಎಂಟನೆಯದರಲ್ಲೂ ಎರಡು, ಹತ್ತರಲ್ಲೂ ಎರಡು.

ಹಾಗೆ ಬರೆಯುವವನು ಒಬ್ಬನೇ: ಅವಳ ತಮ್ಮ. ಮೊದಲ ಕೆಲಸದಲ್ಲಿ ಮುಚ್ಚಲು ಮರೆತು, ಮ್ಯಾನೇಜರನ ಪರದೆಯನ್ನೆಲ್ಲ ಕೆಂಪು ಮಾಡಿ ಬೈಸಿಕೊಂಡವನು ಅಂದಿನಿಂದ ಎರಡೆರಡು ಸಲ ಮುಚ್ಚುತ್ತಿದ್ದ. ಈ ಲೈಬ್ರರಿಯನ್ನು ಇದೇ ಮೇಜಿನ ಮೇಲೆ ಇಬ್ಬರೂ ಕೂಡಿ ಬರೆದಿದ್ದರು. ಮೂರು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ಅವನು ಅದರ ಬಗ್ಗೆ ಮಾತಾಡಲು ವೇದಿಕೆ ಹತ್ತಿ, 'ನಾವು' ಎನ್ನಬೇಕಾದಲ್ಲೆಲ್ಲ 'ನಾನು ಬರೆದದ್ದು' ಎಂದ. ಎರಡನೇ ಸಾಲಿನಲ್ಲಿ ಕೂತಿದ್ದ ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಅಂದೇ ಸಂಜೆ ಲೇಖಕರ ಪಟ್ಟಿಯಿಂದ ಅವನ ಹೆಸರು ಕಿತ್ತುಹಾಕಿದಳು. ಅಲ್ಲಿಂದ ಮಾತಿಲ್ಲ.

ಅಪರಿಚಿತನ ಮೇಲಿದ್ದ ಅನುಮಾನ ಇಳಿಯಬೇಕಿತ್ತಲ್ಲ? ಇಮ್ಮಡಿಯಾಯಿತು. ಓಹೋ, ಹಿತ್ತಲ ಬಾಗಿಲಿನಿಂದ ಬಂದು ಇಡೀ ಲೈಬ್ರರಿಯನ್ನೇ ಹೊಡೆದುಕೊಳ್ಳುವ ಲೆಕ್ಕಾಚಾರ! ಫೋನು ಎತ್ತಿಕೊಂಡಳು.

"ಎರಡೆರಡು ಸಲ ಯಾಕೋ ಮುಚ್ತೀಯ?"

"ಒಂದ್ಸಲಕ್ಕೆ ಧೈರ್ಯ ಬರಲ್ಲ, ಅಕ್ಕ."

"ಮುಖ ಮುಚ್ಕೊಂಡು ಯಾಕೆ ಬಂದೆ? ಕೀಲಿ ಹೊಡೆಯೋಕಾ?"

"ನೀನು ಲೈಬ್ರರಿನೇ ಮುಚ್ಚಿಬಿಡ್ತೀಯ ಅಂತ ಭಯ ಆಯ್ತು. ದೂರೆಲ್ಲ ರಾಶಿ ಬಿದ್ದಿರೋದು ಯಾರಿಗೆ ಕಾಣಲ್ಲ?" ಅವನ ದನಿ ತಗ್ಗಿತು. "ನನ್ನ ಹೆಸರಲ್ಲಿ ಕಳಿಸಿದ್ರೆ ಒಂದು ಸಾಲಾದ್ರೂ ಓದ್ತಿದ್ಯಾ?"

ಗುರುತು ಪರಿಚಯವಿಲ್ಲದವನನ್ನು ಕಳ್ಳನೆಂದುಕೊಂಡೇ ಅಕ್ಷರ ಬಿಡದೆ ಓದಿದ್ದಳು. ತಮ್ಮನದಾಗಿದ್ದರೆ ತೆರೆಯದೆ ಎಸೆಯುತ್ತಿದ್ದಳು. "ಇಲ್ಲ ಕಣೋ" ಎಂದಳು.

"ಸ್ಟೇಜ್ ಮೇಲೆ ಗಾಬರಿಯಾಗಿ ಹಾಗಂದುಬಿಟ್ಟೆ. ಅದು ನನ್ನ ತಪ್ಪು. ಆದ್ರೆ ನೀನು ನನ್ನ ಹೆಸರು ತೆಗೆದಾಗ ಏನು ಟಿಪ್ಪಣಿ ಬರೆದಿದ್ದೆ, ನೆನಪಿದೆಯಾ?"

ಅವಳಿಗೆ ನೆನಪಿರಲಿಲ್ಲ. ಪ್ರತಿ ಬದಲಾವಣೆಗೂ ಕಾರಣ ಬರೆಯುವುದು ಈ ಕೆಲಸದ ಪದ್ಧತಿ. ಹಳೆಯ ದಾಖಲೆ ತೆಗೆದು ನೋಡಿದಳು. 'ಬೇಡದ ಸಾಲು ತೆಗೆದೆ' ಎಂದಿತ್ತು. ಲೈಬ್ರರಿಯ ಪ್ರತಿಗಳು ಲೋಕವೆಲ್ಲ ಹರಡಿದ್ದವು, ಅಷ್ಟರಲ್ಲೂ ಆ ಮಾತು ಹಾಗೇ ಕೂತಿತ್ತು. ಇನ್ನು ಅದನ್ನು ಅವಳಪ್ಪನಾಣೆಗೂ ಅಳಿಸುವಂತಿರಲಿಲ್ಲ.

"ಇರು, ಫೋನ್ ಇಡಬೇಡ" ಎಂದು ಪಟ್ಟಿ ತೆರೆದು, ತನ್ನ ಹೆಸರಿನ ಕೆಳಗೆ ಅವನ ಹೆಸರು ಬರೆದಳು. ಬದಲಾವಣೆಗೆ ಕಾರಣವೇನೆಂದು ಪರದೆ ಕೇಳಿತು. ಎರಡು ಸಲ ಬರೆದು ಅಳಿಸಿದಳು. ಮೂರನೆಯ ಸಲ 'ನನ್ನ ತಮ್ಮನನ್ನು ಬೇಡದ ಸಾಲು ಅಂದಿದ್ದೆ. ತಪ್ಪು ನನ್ನದು' ಎಂದು ಬರೆದು ಕಳಿಸಿಬಿಟ್ಟಳು.

"ಓದಿದ್ಯಾ?"

"ಓದ್ತಾ ಇದ್ದೀನಿ" ಎಂದ. ಅಷ್ಟು ಪುಟ್ಟ ಟಿಪ್ಪಣಿ ಓದಲು ಅವನಿಗೆ ಬಹಳ ಹೊತ್ತು ಹಿಡಿಯಿತು.